ಗಂಜಿ ಹಾಕಿದ ಶರ್ಟಿನ ಸಮುದ್ರಯಾನ

ನಮ್ಮ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವವರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇರಬೇಕು. ಅದನ್ನು ಕೇಳಿದವರಿಲ್ಲ. ಎಲ್ಲರ ಬಾಯಲ್ಲೂ ಅವರು ಗರಿಗರಿಯಣ್ಣ. ಅವರ ಕೈಯಿಂದ ಹೊರಟ ಶರ್ಟನ್ನು ಮಂಚದ ಮೇಲಿಟ್ಟರೆ ಮಲಗುವುದಿಲ್ಲ, ಕುರ್ಚಿಯ ಮೇಲಿಟ್ಟರೆ ನೆಟ್ಟಗೆ ಕೂರುತ್ತದೆ. ಒಳಗೊಬ್ಬ ಮನುಷ್ಯ ಇರಲೇಬೇಕೆಂಬ ಕಡ್ಡಾಯವಿಲ್ಲ. ಗುಮಾಸ್ತರೊಬ್ಬರು ಕಚೇರಿಗೆ ತಾವು ಹೋಗದೆ ಶರ್ಟನ್ನಷ್ಟೇ ಕಳಿಸಿದ್ದರು, ಸಾಯಂಕಾಲದವರೆಗೂ ಯಾರಿಗೂ ಗೊತ್ತಾಗಲಿಲ್ಲ ಎಂದು ಬೀದಿಯಲ್ಲಿ ಒಂದು ಮಾತಿದೆ.

ಅಂಗಡಿ ಇರುವುದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ. ಮೇಲಿನವರು ಇಳಿದಾಗಲೆಲ್ಲ ಅವರ ತಲೆಯ ಮೇಲೆ ಧಡಧಡ ಸದ್ದು. ದಪ್ಪ ಹಲಗೆಯ ಮೇಜು, ಮೇಲೆ ಪದರ ಪದರವಾಗಿ ಹಳೆಯ ಕಂಬಳಿ, ಕಂಬಳಿಯ ಮೂಲೆಯಲ್ಲಿ ಮೂತಿ ಚೂಪಾದ ದೋಣಿಯಂಥ ಒಂದು ಸುಟ್ಟ ಗುರುತು. ಮೇಜಿನ ಕೆಳಗೆ ಗಂಜಿಯ ಬೋಗುಣಿ. ಬೇರೆಯವರು ಗಂಜಿಯನ್ನು ಬಟ್ಟೆಗೆ ತೋರಿಸುತ್ತಾರೆ, ನಾನು ಕುಡಿಸುತ್ತೇನೆ ಎಂಬುದು ಅವರ ಹೆಮ್ಮೆ. ಅವರ ಸ್ವಂತ ಶರ್ಟಿನ ಕಾಲರಿಗೂ ಅದೇ ಉಪಚಾರ ನಡೆಯುವುದರಿಂದ ಕುತ್ತಿಗೆಯ ಸುತ್ತ ಗರಗಸ ಎಳೆದಂಥ ಕೆಂಪು ಗೆರೆ. ಹೆಂಡತಿ ದಿನವೂ ಅದಕ್ಕೆ ಎಣ್ಣೆ ಸವರುತ್ತ, ಗಂಡನಿಗಿಂತ ಗಂಡನ ಕಾಲರಿಗೇ ಪೌರುಷ ಹೆಚ್ಚು ಎನ್ನುತ್ತಾರೆ.

ಬೀದಿಯ ಆಚೆ ಬದಿಯಲ್ಲಿ, ಮೆಟ್ಟಿಲಿಗೆ ನೇರ ಎದುರಾಗಿ, ಗರಿಗರಿಯಣ್ಣನ ಷಡ್ಡಕರು ಸಿದ್ಧ ಉಡುಪಿನ ಅಂಗಡಿ ತೆರೆದರು. ಹೆಂಡತಿಯ ಅಕ್ಕನ ಗಂಡ. ಎದುರಾಳಿ ಎಂದು ಕರೆಯುವ ಹಾಗಿಲ್ಲ, ಎದುರಿಗೇ ಇದ್ದರೂ. ಅವರು ಮಾರುವುದು ಒಂದೇ ಕಂಪನಿಯ ಶರ್ಟು. ಒಗೆದು ಕೊಡವಿದರೆ ಸಾಕು, ಹಾಕಿಕೊಳ್ಳಬಹುದು. ಬಾಗಿಲ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಕಂಪನಿಯ ಘೋಷವಾಕ್ಯ: ‘ಸುಕ್ಕಿಲ್ಲ, ಇಸ್ತ್ರಿ ಬೇಡ.’ ಗರಿಗರಿಯಣ್ಣ ಬೆಳಗ್ಗೆ ಪೆಟ್ಟಿಗೆ ಕಾಯಿಸಿ ತಲೆಯೆತ್ತಿದರೆ ಮೊದಲು ಓದುವುದು ಅದನ್ನೇ. ಕ್ರಮೇಣ ಅವರ ಮೇಜಿನ ಮೇಲಿನ ಬಟ್ಟೆಯ ಗಂಟುಗಳು ಸಣ್ಣವಾದವು. ಗಿರಾಕಿಗಳು ಬೀದಿ ದಾಟುವಾಗ ಅವರ ಕಡೆ ನೋಡದೆ ಆಕಾಶ ನೋಡುವುದನ್ನು ಕಲಿತರು.

ಇಂಥ ಹೊತ್ತಿನಲ್ಲಿ ಆ ಕಂಪನಿ ತನ್ನ ಶರ್ಟನ್ನು ಚೆನ್ನಾಗಿ ಮಾರಿದ ಅಂಗಡಿಯವರಿಗೆಲ್ಲ ಸಮುದ್ರಯಾನದ ಬಹುಮಾನ ಕೊಟ್ಟಿತು. ಒಂದು ಅಂಗಡಿಗೆ ನಾಲ್ಕು ಜನ. ಷಡ್ಡಕರ ಹೆಂಡತಿಗೆ ನೀರೆಂದರೆ ಭಯ, ತಂಗಿ ಜೊತೆಗಿಲ್ಲದೆ ಹಡಗು ಹತ್ತುವುದಿಲ್ಲ ಎಂದು ಹಟ ಹಿಡಿದರು. ತಂಗಿ ಬಂದರೆ ತಂಗಿಯ ಗಂಡನೂ ಬರಬೇಕಲ್ಲ. ಗರಿಗರಿಯಣ್ಣನಿಗೆ ಮನಸ್ಸಿರಲಿಲ್ಲ, ಆದರೆ ಹೆಂಡತಿ ಈವರೆಗೆ ಕಂಡ ಅತಿ ದೊಡ್ಡ ನೀರು ಮನೆಯ ತೊಟ್ಟಿಯದು. ಒಪ್ಪಿಕೊಂಡರು.

ಒಪ್ಪಿಕೊಂಡ ಮೇಲೆ ಷಡ್ಡಕರು ಪೊಟ್ಟಣವೊಂದನ್ನು ತಂದು ಇಸ್ತ್ರಿ ಮೇಜಿನ ಮೇಲೆ ಇಟ್ಟರು. ಒಳಗೆ ಕಂಪನಿಯ ನೀಲಿ ಶರ್ಟು. ಹಡಗಿನಲ್ಲಿ ಒಂದು ಸಂಜೆ ಭಾರಿ ಔತಣ, ಅಲ್ಲಿ ಪ್ರತಿ ಅಂಗಡಿಯವರದೂ ಒಂದು ಫೋಟೋ ತೆಗೆಯುತ್ತಾರಂತೆ.

“ಅದನ್ನ ದೊಡ್ಡದು ಮಾಡಿಸಿ ಅಂಗಡಿ ಗಾಜಿನ ಹಿಂದೆ ಹಾಕ್ತೀನಿ. ಇಸ್ತ್ರಿಯವನೇ ನಮ್ಮ ಶರ್ಟು ಹಾಕಿದಾನೆ ಅಂದ್ಮೇಲೆ ಗಿರಾಕಿ ಇನ್ನೇನು ಯೋಚನೆ ಮಾಡ್ತಾನೆ ಹೇಳು,” ಅಂದರು ಷಡ್ಡಕರು.

“ನನಗೆ ನನ್ನ ಶರ್ಟಿದೆ ಭಾವ.”

“ಅದು ಪೆಟ್ಟಿಗೇಲಿ ಸುಕ್ಕಾಗತ್ತಪ್ಪ.”

“ನನ್ನ ಶರ್ಟು ಸುಕ್ಕಾದ್ರೆ ನಿಮ್ಮದು ಹಾಕ್ಕೋತೀನಿ. ಆಯ್ತಾ?”

ಷಡ್ಡಕರು ಆಯ್ತು ಎಂದು ಅವರ ಕೈ ಕುಲುಕಿ, ಪೊಟ್ಟಣ ಎತ್ತಿಕೊಂಡು ಹೋದರು. ಹೆಂಡತಿ ಹಣೆ ಚಚ್ಚಿಕೊಂಡರು. ಮಾತು ಕೊಟ್ಟಾಗಿತ್ತು. ಔತಣದ ಸಂಜೆ ತಮ್ಮ ಶರ್ಟಿನ ಮೇಲೆ ಸುಕ್ಕು ಕಂಡಿತೋ, ಗರಿಗರಿಯಣ್ಣ ಇನ್ನು ಬದುಕಿಡೀ ತಮ್ಮ ಮೇಜಿನ ಮುಂದೆ ನಿಂತು, ಎದುರುಗಡೆ ನೀಲಿ ಶರ್ಟು ತೊಟ್ಟು ಹಲ್ಲು ಕಿರಿಯುತ್ತಿರುವ ತಮ್ಮನ್ನೇ ತಾವು ನೋಡುತ್ತಿರಬೇಕು.

ಹಾಗಾಗಿ ಅವರು ಸಿದ್ಧತೆಯಲ್ಲಿ ಯಾವ ಕೊರತೆಯನ್ನೂ ಬಿಡಲಿಲ್ಲ. ಸಮುದ್ರದ ಗಾಳಿ ತೇವದ್ದು, ಬಟ್ಟೆ ಸೊಪ್ಪಾಗುತ್ತದೆ ಎಂದು ಲೆಕ್ಕ ಹಾಕಿ, ತಮ್ಮ ನಾಲ್ಕು ಬಿಳಿಯ ನೂಲಿನ ಶರ್ಟುಗಳಿಗೂ ಇಮ್ಮಡಿ ಗಂಜಿ ಕುಡಿಸಿದರು. ಇಸ್ತ್ರಿ ಮಾಡಿದ ಮೇಲೆ ಅವು ಬಟ್ಟೆಯ ಜಾತಿಯಿಂದ ಹಲಗೆಯ ಜಾತಿಗೆ ಬಡ್ತಿ ಪಡೆದವು. ಪ್ರಯಾಣದ ಪೆಟ್ಟಿಗೆಯಲ್ಲಿ ಅವುಗಳ ಮೇಲೆ ಇಸ್ತ್ರಿಪೆಟ್ಟಿಗೆಯನ್ನೂ ಇಟ್ಟುಕೊಂಡರು. ಹೊರಡುವ ಗಳಿಗೆಯಲ್ಲಿ ಹೆಂಡತಿಯ ಅಕ್ಕನ ಪೆಟ್ಟಿಗೆ ಮುಚ್ಚಲಿಲ್ಲವೆಂದು ಆಕೆಯ ಎರಡು ಜೊತೆ ಚಪ್ಪಲಿ, ಕೂದಲು ಒಣಗಿಸುವ ಯಂತ್ರ, ಒಂದು ದಪ್ಪ ಶಾಲು ಕೂಡ ಇವರ ಪೆಟ್ಟಿಗೆಯೊಳಗೇ ಬಂದವು. ಮುಚ್ಚಳದ ಮೇಲೆ ಷಡ್ಡಕರೇ ಕುಳಿತು ಬೀಗ ಹಾಕಿದರು. ಅವರದು ಗಟ್ಟಿ ಶರೀರ.

ಎಲ್ಲರೂ ಬಂದರಿಗೆ ಬಂದರು. ಸಾಮಾನು ತಪಾಸಣೆಯ ಯಂತ್ರದಿಂದ ಉಳಿದವರ ಪೆಟ್ಟಿಗೆಗಳೆಲ್ಲ ಹೊರಬಂದವು, ಗರಿಗರಿಯಣ್ಣನದು ಮಾತ್ರ ಪಕ್ಕದ ಮೇಜಿಗೆ ಹೋಯಿತು. ಅಲ್ಲಿದ್ದ ಅಧಿಕಾರಿಣಿ ಇಸ್ತ್ರಿಪೆಟ್ಟಿಗೆಯನ್ನು ಹೊರತೆಗೆದು, ಹಡಗಿನ ಕೋಣೆಗಳಲ್ಲಿ ಇದು ನಿಷಿದ್ಧ, ವಾಪಸು ಬಂದಾಗ ಕೊಡುತ್ತೇವೆ ಎಂದರು. ಗರಿಗರಿಯಣ್ಣ ತಮ್ಮ ಕಸುಬು ಹೇಳಿದರು, ಅನುಭವ ಹೇಳಿದರು, ಒಂದು ಸಲವೂ ಯಾರ ಬಟ್ಟೆಯನ್ನೂ ಸುಟ್ಟಿಲ್ಲ ಎಂದರು. ಕಂಬಳಿಯ ಗುರುತಿನ ವಿಷಯ ಹೇಳಲಿಲ್ಲ.

“ನಿಮ್ಮ ಮೇಲೆ ಅನುಮಾನ ಇಲ್ಲ ಸರ್,” ಅಂದರು ಆಕೆ, “ಆದ್ರೆ ಅಂಗಡೀಲಿ ಬೆಂಕಿ ಬಿದ್ರೆ ಬೀದಿಗೆ ಓಡ್ತೀರಿ. ಅಲ್ಲಿ ಎಲ್ಲಿಗೆ ಓಡ್ತೀರಿ?”

ಎದುರಿನವರದು ತಪ್ಪಾಗಿದ್ದರೆ ಸಿಟ್ಟಿಗೊಂದು ದಾರಿಯಿರುತ್ತದೆ. ಸರಿಯಾಗಿದ್ದರೆ ಅದನ್ನು ಹೊತ್ತುಕೊಂಡೇ ಹಡಗು ಹತ್ತಬೇಕು. ಬೇರೆಯವರಿಂದ ತೆಗೆದಿಟ್ಟ ಮೋಂಬತ್ತಿ, ನೀರು ಕಾಯಿಸುವ ಹೂಜಿಗಳ ನಡುವೆ ಅವರ ಇಸ್ತ್ರಿಪೆಟ್ಟಿಗೆ ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಕುಳಿತಿತು. ಹಡಗಿಗೆ ಹತ್ತಿಸುವ ಸೇತುವೆ ದಾಟುವವರೆಗೂ ಅವರು ಹಿಂದಿರುಗಿ ನೋಡುತ್ತಲೇ ಇದ್ದರು. ಷಡ್ಡಕರು ಸಿಳ್ಳೆ ಹಾಕಿದರು ಅಷ್ಟೇ.

ಕೋಣೆ ಹೆಚ್ಚುಕಡಿಮೆ ಮೆಟ್ಟಿಲ ಕೆಳಗಿನ ಅಂಗಡಿಯಷ್ಟೇ ಇತ್ತು, ದುಂಡನೆಯ ಕಿಟಕಿಯೊಂದು ಹೆಚ್ಚಿಗೆ. ಹೆಂಡತಿ ಅದಕ್ಕೆ ಮುಖ ಅಂಟಿಸಿಕೊಂಡು ಸಮುದ್ರ ನೋಡಿದರು. ಗಂಡ ಪೆಟ್ಟಿಗೆ ತೆರೆದು ಅದಕ್ಕಿಂತ ಭೀಕರ ದೃಶ್ಯ ನೋಡಿದರು. ಸಾಧಾರಣ ಬಟ್ಟೆ ಒತ್ತಿದರೆ ಬಾಗುತ್ತದೆ, ಬಿಟ್ಟರೆ ಅರ್ಧಕ್ಕರ್ಧ ಸರಿಹೋಗುತ್ತದೆ. ಇಮ್ಮಡಿ ಗಂಜಿ ಕುಡಿದದ್ದು ಬಾಗುವುದಿಲ್ಲ, ಮುರಿಯುತ್ತದೆ; ಮುರಿದದ್ದನ್ನು ಮರೆಯುವುದೂ ಇಲ್ಲ. ಷಡ್ಡಕರ ಭಾರಕ್ಕೆ ನಾಲ್ಕೂ ಶರ್ಟುಗಳು ಪದೇ ಪದೇ ಮಡಿಸಿ ಬಿಚ್ಚಿದ ಹಳೆಯ ಭೂಪಟದಂತಾಗಿದ್ದವು. ಒಂದರ ಎದೆಯ ಮೇಲೆ ಚಪ್ಪಲಿಯ ಹಿಮ್ಮಡಿ ಸ್ಪಷ್ಟವಾಗಿ ಮೂಡಿತ್ತು. ಗಂಜಿಯೇ ಇಲ್ಲದೆ ತಂದಿದ್ದರೆ ಕೊಡವಿ ಹಾಕಿಕೊಳ್ಳಬಹುದಿತ್ತು. ಇದು ಅವರಿಗೆ ತಕ್ಷಣ ಹೊಳೆಯಿತು.

“ರೀ, ಗಂಜಿ ಜಾಸ್ತಿ ಆಯ್ತೇನೋ,” ಅಂದರು ಹೆಂಡತಿ.

“ಗಂಜಿ ಸರಿಯಾಗೇ ಇದೆ. ಪೆಟ್ಟಿಗೆ ಸರಿಯಿಲ್ಲ.”

ಹಡಗಿನಲ್ಲೇ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ವ್ಯವಸ್ಥೆಯಿದೆ, ಕೆಳಗಿನ ಅಂತಸ್ತಿನಲ್ಲಿ ಕೌಂಟರಿದೆ ಎಂದು ಕೋಣೆ ಗುಡಿಸುವವನು ಹೇಳಿದ. ಗರಿಗರಿಯಣ್ಣ ಅವನನ್ನು ನೋಡಿದ ರೀತಿಗೆ ಅವನು ಪೊರಕೆ ಅಲ್ಲೇ ಬಿಟ್ಟು ಹೋದ. ತಾನು ಇನ್ನೊಬ್ಬನ ಹತ್ತಿರ ಇಸ್ತ್ರಿ ಮಾಡಿಸಿಕೊಳ್ಳುವುದೇ? ಅದಕ್ಕಿಂತ ನೀಲಿ ಶರ್ಟೇ ವಾಸಿ. ಅಲ್ಲ, ನೀಲಿ ಶರ್ಟೂ ವಾಸಿಯಲ್ಲ. ಹೀಗೆ ಎರಡು ಗೋಡೆಗಳಿಗೂ ತಲೆ ಬಡಿದುಕೊಳ್ಳುವಾಗ ನಡುವೆ ಸ್ನಾನದ ಮನೆಯ ಬಾಗಿಲು ಕಂಡಿತು.

ಮೊದಲನೆಯ ಶರ್ಟು ಅಲ್ಲಿ ಬಲಿಯಾಯಿತು. ಬಿಸಿನೀರು ಬಿಟ್ಟು, ಬಾಗಿಲು ಮುಚ್ಚಿ, ಹಬೆಯಲ್ಲಿ ತೂಗುಹಾಕಿದರೆ ಸುಕ್ಕು ಬಿಡುತ್ತದೆಂದು ಅಕ್ಕ ಎಲ್ಲೋ ಕೇಳಿದ್ದರು. ಸುಕ್ಕಿಗಿಂತ ಮೊದಲು ಗಂಜಿ ಬಿಟ್ಟಿತು. ಅರ್ಧ ಕರಗಿದ ಗಂಜಿ ತೋಳನ್ನು ಎದೆಗೆ ಅಂಟಿಸಿತು, ಎದೆಯನ್ನು ಬೆನ್ನಿಗೆ ಅಂಟಿಸಿತು, ಕೊನೆಗೆ ಇಡೀ ಶರ್ಟನ್ನು ಗೋಡೆಗೆ ಚುನಾವಣೆಯ ಭಿತ್ತಿಪತ್ರದ ಹಾಗೆ ಅಂಟಿಸಿತು. ಬಿಡಿಸುವಾಗ ಚರ್ರೆಂದು ಸದ್ದು ಬಂತು. ಗರಿಗರಿಯಣ್ಣ ಮುಖ ತಿರುಗಿಸಿಕೊಂಡರು.

ಎರಡನೆಯದನ್ನು ಹಾಸಿಗೆಯ ಕೆಳಗೆ ಹಾಸಿ ಮೇಲೆ ಮಲಗಿದರು. ಹೆಣದ ಹಾಗೆ ಅಲುಗಾಡದೆ ಮಲಗಿ ಬೆನ್ನು ಹಿಡಿದುಕೊಂಡದ್ದೇ ಬಂತು. ಬೆಳಗ್ಗೆ ತೆಗೆದು ನೋಡಿದರೆ ಹಳೆಯ ಸುಕ್ಕುಗಳು ಇನ್ನಷ್ಟು ಚೂಪಾಗಿದ್ದವು. ತಪ್ಪು ಮಡಿಕೆಯ ಮೇಲೆ ಭಾರ ಹಾಕಿದರೆ ತಪ್ಪೇ ಗಟ್ಟಿಯಾಗುತ್ತದೆ. ಅದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ, ಆದರೆ ಯಜಮಾನನ ಸಿಟ್ಟು ಯಾರ ಮೇಲಾದರೂ ಇಳಿಯಲೇಬೇಕು. ನೀನು ಹೊರಳಾಡಿದ್ದಕ್ಕೇ ಹೀಗಾಯ್ತು ಎಂದು ಹೆಂಡತಿಯ ಮೇಲೆ ಹಾಕಿದರು.

“ಹೊರಳಿದ್ದು ನಾನಲ್ಲ, ಹಡಗು,” ಅಂದರು ಆಕೆ. “ಕ್ಯಾಪ್ಟನ್‌ಗೆ ಹೋಗಿ ಬೈಯ್ರಿ.”

ಹೊರಗೆ ಸಮುದ್ರ ಇತ್ತಂತೆ. ನೀಲಿಯಾಗಿ, ಒಂದೇ ಒಂದು ಕಡೆಯೂ ಚಪ್ಪಟೆಯಾಗಿಲ್ಲದೆ, ದಡದಿಂದ ದಡಕ್ಕೆ ಸುಕ್ಕುಸುಕ್ಕಾಗಿ. ಹೆಂಡತಿ ಬಲವಂತ ಮಾಡಿ ಅವರನ್ನು ಮೇಲಿನ ಅಂತಸ್ತಿಗೆ ಕರೆದೊಯ್ದಾಗ ಅವರು ಕಟಕಟೆ ಹಿಡಿದು ಅದನ್ನು ದಿಟ್ಟಿಸಿ, ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ ಎಂದು ಕೇಳಿದರು. ಪಕ್ಕದಲ್ಲಿ ಷಡ್ಡಕರು ಆರಾಮಕುರ್ಚಿಯಲ್ಲಿ ಕಂಪನಿಯ ಶರ್ಟು ತೊಟ್ಟು ಉರುಳಿಕೊಂಡಿದ್ದರು. ಎದ್ದು ನಿಂತರೆ ಶರ್ಟಿನ ಮೇಲೆ ಒಂದು ಗೆರೆಯಿಲ್ಲ. ನಿದ್ದೆ ಮಾಡಿದ ಮುಖದ ಮೇಲೇ ಹೆಚ್ಚು ಗೆರೆಗಳಿದ್ದವು.

ಆ ಮಹಡಿಯಲ್ಲೇ ಗರಿಗರಿಯಣ್ಣನ ಕಣ್ಣಿಗೆ ಚಹದ ಬಿಸಿನೀರಿನ ನಲ್ಲಿ ಬಿತ್ತು. ಹೆಂಡತಿ ತಿಂಡಿ ತುಂಬಿಕೊಂಡು ಬಂದಿದ್ದ ಸ್ಟೀಲಿನ ಚಪ್ಪಟೆ ಡಬ್ಬಿ ನೆನಪಾಯಿತು. ತಳ ನುಣುಪು, ಮುಚ್ಚಳ ಬಿಗಿ, ಒಳಗೆ ಕುದಿನೀರು: ಇಸ್ತ್ರಿಪೆಟ್ಟಿಗೆಗೆ ಇನ್ನೇನು ಬೇಕು? ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಹಸುಗೂಸನ್ನು ಎತ್ತಿಕೊಂಡವರ ಹಾಗೆ ಕೋಣೆಗೆ ಓಡಿಬಂದರು. ಮೂರನೆಯ ಶರ್ಟನ್ನು ಮೇಜಿನ ಮೇಲೆ ಹರಡಿ, ಬೆರಳ ತುದಿಯಿಂದ ನೀರು ಚಿಮುಕಿಸಿ, ಡಬ್ಬಿ ಒತ್ತಿದರು. ಸುಕ್ಕು ಹಿಂದೆ ಸರಿಯಿತು. ಇನ್ನೊಮ್ಮೆ ಒತ್ತಿದರು. ತೋಳಿನ ಅರ್ಧದವರೆಗೆ ಬಿಳಿಯ ಬಯಲು ತೆರೆದುಕೊಂಡಿತು. ಮನೆ ಬಿಟ್ಟ ಮೇಲೆ ಅವರು ನಕ್ಕದ್ದು ಆಗಲೇ ಎಂದು ಹೆಂಡತಿ ಹೇಳುತ್ತಾರೆ.

ಆಮೇಲೆ ಹಡಗು ಒಂದು ಪಕ್ಕಕ್ಕೆ ವಾಲಿತು. ಡಬ್ಬಿ ಜಾರಿತು, ಮುಚ್ಚಳ ಹಾರಿತು, ನೀರು ಶರ್ಟಿನ ಮೇಲೂ ಗರಿಗರಿಯಣ್ಣನ ಕಾಲಿನ ಮೇಲೂ ಸಮಪಾಲಾಗಿ ಹಂಚಿಹೋಯಿತು. ಡಬ್ಬಿಯ ಸಂದಿಯಲ್ಲಿ ಉಳಿದಿದ್ದ ತಿಂಡಿಯ ಎಣ್ಣೆ ಎದೆಯ ಮೇಲೆ ಹಳದಿ ದ್ವೀಪವಾಗಿ ನಿಂತಿತು. ಕಾಲಿಗೆ ಬೊಬ್ಬೆ ಬಂದದ್ದನ್ನು ಅವರು ಸಂಜೆಯವರೆಗೂ ನೋಡಲಿಲ್ಲ, ಶರ್ಟನ್ನೇ ನೋಡುತ್ತಿದ್ದರು.

ಉಳಿದದ್ದು ಒಂದೇ ಶರ್ಟು, ಚಪ್ಪಲಿಯ ಹಿಮ್ಮಡಿ ಮೂಡಿದ್ದದ್ದು. ಔತಣ ಮಾರನೆಯ ಸಂಜೆ.

ಕೊನೆಗೆ ಅವರು ಅಭಿಮಾನ ನುಂಗಿಕೊಂಡು ಶರ್ಟನ್ನು ಬಗಲಲ್ಲಿಟ್ಟು ಕೆಳಗಿನ ಅಂತಸ್ತಿಗೆ ಇಳಿದರು. ಕೌಂಟರಿನ ಮುಂದೆ ಸಾಲು. ಸುಕ್ಕಿಲ್ಲದ ಶರ್ಟಿನ ಅಂಗಡಿಯವರೆಲ್ಲ ಹೆಂಡತಿಯರ ಬಟ್ಟೆ ಹಿಡಿದು ನಿಂತಿದ್ದರು. ಅವರ ಸರದಿ ಬಂದಾಗ ಕೌಂಟರಿನವನು, ಔತಣದ ಬಟ್ಟೆಗಳಿಂದ ಯಂತ್ರಗಳೆಲ್ಲ ತುಂಬಿವೆ, ಈಗ ಕೊಟ್ಟರೆ ಔತಣದ ಮಾರನೆಯ ಬೆಳಗ್ಗೆ ಸಿಗುತ್ತದೆ ಎಂದ. ಗರಿಗರಿಯಣ್ಣ ಯಂತ್ರ ಬೇಡ, ಒಂದು ಪೆಟ್ಟಿಗೆ, ಒಂದು ಮೇಜಿನ ಮೂಲೆ ಕೊಡಿ, ನಾನೇ ಮಾಡಿಕೊಳ್ಳುತ್ತೇನೆ ಎಂದು ಬೇಡಿಕೊಂಡರು. ಒಳಗೆ ಹೊರಗಿನವರನ್ನು ಬಿಡುವಂತಿಲ್ಲ. ಅವನ ಭುಜದ ಹಿಂದೆ, ತೆರೆದ ಬಾಗಿಲಿನಾಚೆ, ಯಾರೋ ಒಬ್ಬ ಕಾಲರನ್ನು ತಪ್ಪು ಕಡೆಯಿಂದ ಒತ್ತುತ್ತಿದ್ದದ್ದು ಅವರಿಗೆ ಕಾಣಿಸುತ್ತಿತ್ತು. ತುದಿಯಿಂದ ನಡುವಿಗೆ ಬರಬೇಕು; ಅವನು ನಡುವಿನಿಂದ ತುದಿಗೆ ಹೋಗುತ್ತಿದ್ದ. ಅದನ್ನು ನೋಡಿಕೊಂಡು ಸುಮ್ಮನೆ ಮೆಟ್ಟಿಲು ಹತ್ತಿದ್ದು ಆ ಯಾನದ ಅತಿ ದೊಡ್ಡ ಹಿಂಸೆ ಎಂದು ಅವರು ಈಗಲೂ ಹೇಳುತ್ತಾರೆ.

ಕೋಣೆಯಲ್ಲಿ ಹೆಂಡತಿ ಕೈ ಚಾಚಿದರು.

“ಕೊಡಿ ಇಲ್ಲಿ. ಗಂಜಿ ಬಿಡಿಸ್ತೀನಿ.”

“ಗಂಜಿ ಬಿಡಿಸಿದ್ರೆ ಇನ್ನೇನು ಉಳಿಯತ್ತೆ?”

“ಶರ್ಟು ಉಳಿಯತ್ತೆ ರೀ.”

ಇಸ್ತ್ರಿ ಇಲ್ಲದ ಮೇಲೆ ಸ್ತ್ರೀಯ ಮಾತಾದರೂ ಕೇಳಬೇಕಿತ್ತು. ಅವರು ಅದಕ್ಕೂ ಒಂದು ರಾತ್ರಿ ತೆಗೆದುಕೊಂಡರು. ಗರಿಗರಿಯಣ್ಣನ ಶರ್ಟಿಗೆ ಗರಿ ಇಲ್ಲದಿದ್ದರೆ ಅವರು ಬರೀ ಅಣ್ಣ, ಬೀದಿಗೊಬ್ಬರಂತೆ ಸಿಗುವವರು. ಬೆಳಗ್ಗೆ ನೀಲಿ ಶರ್ಟಿನ ಪೊಟ್ಟಣವನ್ನು ಹಿಡಿದುಕೊಂಡು ಷಡ್ಡಕರು ಬಾಗಿಲು ತಟ್ಟಿ, ತೋಳಿನ ಅಳತೆ ನೋಡಲು ಸಂಜೆಗೆ ಮುಂಚೆ ಒಮ್ಮೆ ಹಾಕಿ ತೋರಿಸು ಎಂದು ಇಟ್ಟುಹೋದ ಮೇಲೆ, ಅವರು ಬಿಳಿಯ ಶರ್ಟನ್ನು ಹೆಂಡತಿಯ ಕೈಗೆ ಕೊಟ್ಟರು.

ಆಕೆ ಅದನ್ನು ಬಿಸಿನೀರಲ್ಲಿ ನೆನೆಸಿ, ಹಿಂಡಿ, ಮತ್ತೆ ನೆನೆಸಿದರು. ನೀರು ಹಾಲಿನಂತಾಯಿತು, ಆಮೇಲೆ ಮಜ್ಜಿಗೆಯಂತಾಯಿತು, ಕೊನೆಗೆ ನೀರಿನಂತೆಯೇ ಆಯಿತು. ಶರ್ಟನ್ನು ಒಣ ಟವೆಲಿನ ಮೇಲೆ ಹರಡಿ ಸುರುಳಿ ಸುತ್ತಿ, ಅದರ ಮೇಲೆ ನಿಂತು ಹಿಮ್ಮಡಿಯಿಂದ ಮೆಟ್ಟಿದರು. ಬಿಚ್ಚಿ ಕೊಡವಿದರು. ಆಮೇಲೆ ಇಬ್ಬರೂ ಎದುರುಬದುರು ಕುಳಿತು, ಅವರು ಕಾಲರನ್ನು ಹಿಡಿದು, ಆಕೆ ಅಂಚನ್ನು ಹಿಡಿದು, ಹೊಲಿಗೆಯುದ್ದಕ್ಕೂ ಎಳೆದರು. ಗಾಳಿ ಬರುವ ಕಿಂಡಿಯ ಕೆಳಗೆ ತೂಗುಹಾಕಿ, ಒಣಗುತ್ತ ಬಂದ ಹಾಗೆಲ್ಲ ಅಂಗೈಯಿಂದ ಸವರಿದರು. ಗರಿಗರಿಯಣ್ಣ ಊಟಕ್ಕೂ ಹೋಗಲಿಲ್ಲ. ಸವರಿ ಸವರಿ ಅಂಗೈ ಬಿಸಿಯಾಯಿತು. ಅದೊಂದೇ ಅವರಿಗೆ ಪರಿಚಯದ ಬಿಸಿ.

ಸಂಜೆಗೆ ಶರ್ಟು ಸಿದ್ಧವಾಯಿತು. ಕಂಕುಳಲ್ಲಿ ಇನ್ನೂ ತಣ್ಣಗಿತ್ತು, ಅಂಚು ಸ್ವಲ್ಪ ಸೊಟ್ಟಗಿತ್ತು, ಆದರೆ ಎದೆ, ಬೆನ್ನು, ತೋಳು ಎಲ್ಲೂ ಸುಕ್ಕಿಲ್ಲ. ಹಾಕಿಕೊಂಡರೆ ಮೈಮೇಲೆ ಏನೂ ಇಲ್ಲವೇನೋ ಎನ್ನುವಷ್ಟು ಮೆತ್ತಗೆ. ಅವರು ಕನ್ನಡಿಯ ಮುಂದೆ ನಿಂತು, ಬೆತ್ತಲಾದವರ ಹಾಗೆ ಎರಡೂ ಕೈ ಎದೆಗೆ ಅಡ್ಡ ಹಿಡಿದರು.

“ಕೈ ಇಳಿಸಿ, ತೋಳು ಸುಕ್ಕಾಗತ್ತೆ,” ಅಂದರು ಹೆಂಡತಿ.

ಅಲ್ಲಿಂದ ಮುಂದೆ ಅವರು ಕೂರಲಿಲ್ಲ. ಔತಣದ ಹಾಲಿಗೆ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು, ಈಗಷ್ಟೇ ಬಣ್ಣ ಬಳಿದ ಬಾಗಿಲು ದಾಟುವವರ ಹಾಗೆ ನಡೆದರು. ಎಲ್ಲರೂ ಕುಳಿತು ತಿಂದರು, ಅವರು ಕಂಬದ ಪಕ್ಕ ನಿಂತು ತಿಂದರು, ಅದೂ ಬಾಗದೆ. ಷಡ್ಡಕರು ಬಂದು ಅವರ ಸುತ್ತ ಒಂದು ಸುತ್ತು ಹಾಕಿದರು. ಬೆನ್ನು ನೋಡಿದರು, ತೋಳು ಎತ್ತಿಸಿ ನೋಡಿದರು. ಎಲ್ಲಿಂದ ಇಸ್ತ್ರಿ ಮಾಡಿಸಿದೆ ಎಂದು ಕೇಳಿದರು.

“ಎಲ್ಲೂ ಮಾಡಿಸಿಲ್ಲ ಭಾವ. ಇಸ್ತ್ರಿ ಇಲ್ಲದೇನೇ,” ಎಂದರು ಗರಿಗರಿಯಣ್ಣ, ಗೆದ್ದ ದನಿಯಲ್ಲಿ. ಹೇಳುವಾಗ ತಾವು ಏನು ಹೇಳುತ್ತಿದ್ದೇವೆಂದು ಅವರಿಗೆ ಹೊಳೆಯಲಿಲ್ಲ. ಷಡ್ಡಕರು ಒಂದು ಕ್ಷಣ ಅವರ ಮುಖವನ್ನೇ ನೋಡಿ, ಹಾಗಾದರೆ ನೀಲಿ ಬೇಡ ಬಿಡು, ಇದೇ ಚೆನ್ನಾಗಿದೆ ಎಂದು ನಗುತ್ತ ಹೋದರು.

ಫೋಟೋಗ್ರಾಫರ್ ನಾಲ್ವರನ್ನೂ ಪರದೆಯೊಂದರ ಮುಂದೆ ನಿಲ್ಲಿಸಿದ. ಗರಿಗರಿಯಣ್ಣ ಉಸಿರು ಹಿಡಿದು, ಗದ್ದ ಎತ್ತಿ, ಕ್ಯಾಮೆರಾವನ್ನೇ ದಿಟ್ಟಿಸಿದರು. ಅವರ ಬೆನ್ನ ಹಿಂದೆ ಸರಸರ ಸದ್ದಾಯಿತು, ಏನನ್ನೋ ಇಳಿಬಿಟ್ಟ ಹಾಗೆ. ಹೆಂಡತಿ ಕತ್ತು ತಿರುಗಿಸಿ ನೋಡಿ, ಅವರ ಮೊಣಕೈ ಮುಟ್ಟಲು ಹೋಗಿ, ಕೈ ಹಿಂದಕ್ಕೆ ತೆಗೆದುಕೊಂಡರು. ಬೆಳಕು ಮಿನುಗಿತು.

ಮರಳುವಾಗ ಬಂದರಿನಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಇಸಿದುಕೊಂಡು ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡೇ ಮನೆಗೆ ಬಂದರು. ಅದಾಗಿ ಒಂದು ವಾರವೂ ಕಳೆದಿರಲಿಲ್ಲ, ಒಂದು ಬೆಳಗ್ಗೆ ಪೆಟ್ಟಿಗೆ ಕಾಯಿಸಿ ತಲೆಯೆತ್ತಿದರೆ ಎದುರಂಗಡಿಯ ಗಾಜಿನ ಹಿಂದೆ ಬಾಗಿಲಗಲದ ಫೋಟೋ. ನಡುವೆ ಅವರೇ, ಮೆತ್ತನೆಯ ಬಿಳಿಯ ಶರ್ಟಿನಲ್ಲಿ, ಒಂದೂ ಸುಕ್ಕಿಲ್ಲದೆ. ಅವರ ತಲೆಯ ಮೇಲೆ ಕಿರೀಟದ ಹಾಗೆ ಕಂಪನಿಯ ಬ್ಯಾನರು: ‘ಸುಕ್ಕಿಲ್ಲ, ಇಸ್ತ್ರಿ ಬೇಡ.’

ಅವರು ಪೆಟ್ಟಿಗೆಯನ್ನು ಕಂಬಳಿಯ ಮೇಲೆಯೇ ಬಿಟ್ಟು ಮನೆಗೆ ಓಡಿದರು. ಕಂಬಳಿಯ ಮೇಲೆ ಈಗ ಎರಡು ದೋಣಿಗಳಿವೆ.

“ಹಿಂದೆ ಬ್ಯಾನರ್ ಇಳಿಸಿದ್ದು ನಿನಗೆ ಕಾಣ್ತು. ಕಂಡೂ ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ತಿರುಗ್ತಿದ್ರಿ,” ಅಂದರು ಹೆಂಡತಿ. “ತಿರುಗಿದ್ರೆ ಸೊಂಟದ ಹತ್ರ ಮಡಿಕೆ ಬೀಳತ್ತೆ, ಏನೂ ಮಾತಾಡಿಸಬೇಡ ಅಂತ ನೀವೇ ಅಲ್ವಾ ದಾರಿಯುದ್ದಕ್ಕೂ ಬಡ್ಕೊಂಡಿದ್ದು?”

ಅವರು ಷಡ್ಡಕರ ಹತ್ತಿರ ಹೋಗಿ ಜಗಳ ತೆಗೆದರು. ಫೋಟೋದಲ್ಲಿ ಒಂದಾದರೂ ಸುಳ್ಳಿದ್ದರೆ ತೋರಿಸು, ಈಗಲೇ ತೆಗೆಯುತ್ತೇನೆ ಎಂದರು ಷಡ್ಡಕರು. ಗರಿಗರಿಯಣ್ಣ ತುಂಬ ಹೊತ್ತು ಫೋಟೋದ ಮುಂದೆ ನಿಂತರು. ಸುಕ್ಕಿರಲಿಲ್ಲ. ಇಸ್ತ್ರಿಯೂ ಇರಲಿಲ್ಲ. ಹಡಗಿನಲ್ಲಿದ್ದ ಎಲ್ಲ ಶರ್ಟುಗಳ ಪೈಕಿ ಆ ಬ್ಯಾನರಿಗೆ ನೂರಕ್ಕೆ ನೂರು ತಕ್ಕದ್ದು ಅವರದೊಂದೇ.

ಷಡ್ಡಕರಿಗೂ ನೆಮ್ಮದಿಯಿಲ್ಲ ಎಂಬುದಷ್ಟೇ ಸಮಾಧಾನ. ಅಂಗಡಿಗೆ ಬಂದವರು ನೀಲಿ, ಕಂದು, ಗೀಟಿನ ಶರ್ಟುಗಳನ್ನೆಲ್ಲ ಸರಿಸಿ, ಫೋಟೋದಲ್ಲಿ ನಡುವೆ ನಿಂತಿರುವವರು ಹಾಕಿಕೊಂಡಿರುವ ಮೆತ್ತನೆಯ ಬಿಳಿಯ ಶರ್ಟು ಕೊಡಿ ಎನ್ನುತ್ತಾರೆ. ಅದು ಅವರಲ್ಲಿಲ್ಲ. ಅಂಥವರಲ್ಲಿ ಕೆಲವರು ಫೋಟೋದ ಮನುಷ್ಯನನ್ನು ಎದುರಿಗೇ ಗುರುತಿಸಿ ಬೀದಿ ದಾಟಿ ಬರುತ್ತಾರೆ. ನಿನ್ನೆಯೂ ಒಬ್ಬರು ಬಂದು, ಅಣ್ಣಾ, ಆ ಶರ್ಟು ಎಲ್ಲಿ ಸಿಗತ್ತೆ ಎಂದು ಕೇಳಿದರು.

ಆ ಶರ್ಟು ಆಗ ಗರಿಗರಿಯಣ್ಣನ ಮೈಮೇಲೇ ಇತ್ತು. ಊರಿಗೆ ಬಂದ ದಿನವೇ ಅದಕ್ಕೆ ಇಮ್ಮಡಿ ಗಂಜಿ ಕುಡಿಸಿಯಾಗಿತ್ತು, ಗುರುತು ಸಿಗುವಂತಿರಲಿಲ್ಲ. ಅವರು ಉತ್ತರ ಹೇಳಲು ಕತ್ತು ತಿರುಗಿಸಿದರು, ಕಾಲರು ಕೆಂಪು ಗೆರೆಯ ಮೇಲೆ ಕರ್ರೆಂದಿತು, ಅವರು ಮುಖ ಕಿವಿಚಿದರು.

“ಅದು ಈಗ ಬರಲ್ಲ,” ಎಂದು ಹೇಳಿ ಪೆಟ್ಟಿಗೆ ಕೈಗೆತ್ತಿಕೊಂಡರು.